ರೇವವ್ವ ಓದಿದ ಕೊಲೆ

ಇಲ್ಲದ ಮನುಷ್ಯನೊಬ್ಬನಿಗೆ ನಾನು ಶ್ರದ್ಧಾಂಜಲಿ ಬ್ಯಾನರ್ ಮಾಡಿದ್ದೇನೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಎರಡೂ ಬದಿಗೆ ಉರಿಯುವ ದೀಪ, ಮೇಲೆ ಮಲ್ಲಿಗೆ ಮಾಲೆ, ನಡುವೆ ಫೋಟೊಗೆಂದು ಬಿಟ್ಟ ಖಾಲಿ ಜಾಗ, ಕೆಳಗೆ ‘ಮತ್ತೆ ಹುಟ್ಟಿ ಬನ್ನಿ ಗೌಡರೇ’ ಎಂಬ ಕೆಂಪಕ್ಷರ.

ಇಂಡಿ ಊರಿನ ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಯೊಂದರಲ್ಲಿ ನಾನು ಸಂಬಳಕ್ಕೆ ಕೂತಿದ್ದೇನೆ. ಮದುವೆ ಕಾರ್ಡು, ಆದಾಯ ಪ್ರಮಾಣಪತ್ರದ ಅರ್ಜಿ, ಹುಟ್ಟಿದ್ದಕ್ಕೆ ಬ್ಯಾನರು, ಸತ್ತದ್ದಕ್ಕೆ ಬ್ಯಾನರು, ಎಲ್ಲಕ್ಕೂ ಇವೇ ಹತ್ತು ಬೆರಳು. ಎಳ್ಳ ಅಮಾವಾಸ್ಯೆ ಕಳೆದು ಒಂದು ವಾರವಾಗಿತ್ತು. ಮಧ್ಯಾಹ್ನ ರೊಟ್ಟಿ ತರಲು ಹಿಂದಿನ ಓಣಿಗೆ ಹೋದೆ. ರೇವವ್ವನ ಅಂಗಡಿ ಮುಂದೆ ಮೂವರು ತಲೆಗೆ ತಲೆ ಹಚ್ಚಿ ನಿಂತಿದ್ದರು. ಝಳಕಿಗೆ ಟಂಟಂ ಆಟೊ ಹೊಡೆಯುವ ಕಾಸಿಂಸಾಬ ಹೇಳುತ್ತಿದ್ದ: “ಮುಳವಾಡ ಕಡೀ ಹೊಲದಾಗ. ಎಳ್ಳಮಾಸಿ ದಿನಾ ಉಣ್ಣಾಕ ಕುಂತಾರ, ಯಾರೋ ವಿಷಾ ಹಾಕ್ಯಾರ. ಮೂರನೇ ತುತ್ತಿಗೆ ಗೌಡ ಖಲಾಸ್!”

ನಮ್ಮ ಧಂದೆಯಲ್ಲಿ ಸತ್ತವರ ಮನೆಗೆ ಮೊದಲು ಹೋದವನಿಗೇ ಬ್ಯಾನರಿನ ಆರ್ಡರು. ರೊಟ್ಟಿ ಬಿಟ್ಟು ಓಡಿದೆ. ಅರ್ಧ ತಾಸಿನಲ್ಲಿ ಡಿಸೈನ್ ಮುಗಿಸಿ, ಮೊಬೈಲಿಗೆ ಹಾಕಿಕೊಂಡು, ಗೌಡರ ಮನೆಯ ವಿಳಾಸ ಕೇಳಲು ಮತ್ತೆ ರೇವವ್ವನ ಮುಂದೆ ನಿಂತೆ. ಮುಖ ಸಣ್ಣದು ಮಾಡಿಕೊಂಡು, ತಗ್ಗಿದ ದನಿಯಲ್ಲಿ.

ಆಕೆ ಮೊಬೈಲ್ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ರೊಟ್ಟಿ ಕಟ್ಟುವ ಕಾಗದದ ಕಟ್ಟಿನಿಂದ ಒಂದು ಹಾಳೆ ಎಳೆದು ನನ್ನ ಮೂಗಿಗೆ ಹಿಡಿದಳು.

“ಎಲೋ ಕಾಂತ್ಯಾ, ಇದು ನೀನ ಟೈಪ್ ಮಾಡಿದ್ದಲ್ಲೋ? ನಲವತ್ತೊಂದನೇ ಪುಟ. ನೀನ ಕೊಂದ ಗೌಡಗ ನೀನ ಮಾಲಿ ಹಾಕಾಕ ಬಂದಿಯೇನೋ ಹುಚಪ್ಯಾಲಿ!”

ಹಾಳೆ ನನ್ನದೇ. ಗೌಡ ಸತ್ತದ್ದು ‘ಮೂರನೇ ತುತ್ತು’ ಎಂಬ ಪತ್ತೇದಾರಿ ಕಾದಂಬರಿಯಲ್ಲಿ. ಬರೆದವರು ಸಿಂದಗಿಯ ನಿವೃತ್ತ ಹೆಡ್‌ಮಾಸ್ತರರಾದ ಶ್ರೀವಲ್ಲಭ ಅವರು. ಅದರ ಅಕ್ಷರ ಅಕ್ಷರವನ್ನೂ ಕುಟ್ಟಿದವನು ನಾನು. ಆದರೆ ಟೈಪ್ ಮಾಡುವವನು ಓದುವುದಿಲ್ಲ. ಕಣ್ಣಿನಿಂದ ಬೆರಳಿಗೆ ನೇರ ರಸ್ತೆ. ನಡುವೆ ತಲೆ ಎಂಬ ಸ್ಟಾಪ್ ಇಲ್ಲ. ನಾನು ಓದದ ಪುಸ್ತಕವನ್ನು ಆ ಹೊತ್ತಿಗೆ ಇಡೀ ಓಣಿ ಓದಿ ಮುಗಿಸುತ್ತಿತ್ತು.

ಅದಕ್ಕೂ ನಾನೇ ಕಾರಣ. ಮಾಸ್ತರರು ವಾರಕ್ಕೆರಡು ಸಲ ಸಿಂದಗಿಯಿಂದ ಬಸ್ಸಿಗೆ ಬಂದು, ಪ್ರೂಫಿನ ಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆದು ಹೋಗುವರು. ತಿದ್ದುಪಡಿ ಹಾಕಿದ ಮೇಲೆ ಆ ಹಾಳೆ ರದ್ದಿ. ರದ್ದಿಯನ್ನು ನಾನು ರೇವವ್ವನಿಗೆ ಕೊಡುತ್ತಿದ್ದೆ. ಆಕೆ ರೊಟ್ಟಿಯನ್ನು ಮೊದಲು ಬಿಳಿ ಹಾಳೆಯಲ್ಲಿ ಸುತ್ತಿ, ಹೊರಗೆ ನನ್ನ ಹಾಳೆ ಸುತ್ತಿ, ದಾರ ಬಿಗಿಯುವಳು. ಹೀಗೆ ಮಾಸ್ತರರ ಕಾದಂಬರಿ ರೊಟ್ಟಿಯ ಜೊತೆ ಮನೆಮನೆಗೆ ಹೋಗಿತ್ತು, ಹಿಂದುಮುಂದಾಗಿ, ಯಾರಿಗೆ ಯಾವ ಪುಟ ಬರುತ್ತದೋ ಅವರವರ ನಸೀಬು.

ರೇವವ್ವನದು ಅಗರಖೇಡದ ತವರು, ಐದನೇ ಇಯತ್ತೆ ಓದು. ಮೂವತ್ತು ವರ್ಷದಿಂದ ಇದೇ ಓಣಿಯಲ್ಲಿ ರೊಟ್ಟಿ. ಬೆಳಿಗ್ಗೆ ಆಕೆ ಹಿಟ್ಟು ನಾದಿ ಬಡಿಯಲು ಕೂತರೆ ಆ ಸಪ್ಪಳಕ್ಕೇ ಓಣಿ ಏಳುತ್ತದೆ. ಹಿಟ್ಟಿನ ಡಬ್ಬಿಗೆ ಒರಗಿಸಿದ ಒಂದು ಕಾಗದ ಯಾವಾಗಲೂ ಎದುರಿಗಿರುತ್ತದೆ. ಓದದ ಕಾಗದವನ್ನು ಆಕೆ ರೊಟ್ಟಿಗೆ ಸುತ್ತುವುದಿಲ್ಲ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ, ಪಂಪ್‌ಸೆಟ್ಟಿನ ಜಾಹೀರಾತು, ಯಾರದೋ ಮನೆ ಪಾಲುಪತ್ರದ ನಕಲು, ಎಲ್ಲವನ್ನೂ ಹಾಗೇ ಓದಿದ್ದಾಳೆ. ಒಂದು ಕೈ ರೊಟ್ಟಿ ತಿರುಗಿಸುತ್ತದೆ, ಇನ್ನೊಂದು ಕೈ ಬಡಿಯುತ್ತದೆ, ತುಟಿ ಅಕ್ಷರ ಕೂಡಿಸುತ್ತದೆ. ರೊಟ್ಟಿ ಉಬ್ಬುವಷ್ಟರಲ್ಲಿ ಎರಡು ಸಾಲು. ಗಂಡ ಸೋಮನಿಂಗ ಮೂಲೆಯಲ್ಲಿ ಕೂತು ಗಂಟು ಕಟ್ಟುತ್ತಾನೆ. ಅವನದು ಮಾತು ಕಡಿಮೆ, ಕೆಮ್ಮು ಜಾಸ್ತಿ.

“ನಾ ಕೇಳಿದ ಪುಟಾನ ಸುತ್ತಿ ಕೊಡು ರೇವಕ್ಕಾ” ಎನ್ನುವ ಗಿರಾಕಿಗಳು ಹುಟ್ಟಿಕೊಂಡಿದ್ದರು. ಅಭಿಪ್ರಾಯಗಳೂ ಹುಟ್ಟಿಕೊಂಡಿದ್ದವು. ಕಾಸಿಂಸಾಬನಿಗೆ ಸಾವಿನ ಪುಟ ಸಿಗುವ ಮುಂಚೆ ಸಿಕ್ಕವೆಲ್ಲ ಗೌಡರ ಮಗಳು ಮಂಜರಿಯ ಪುಟಗಳೇ. ಅದಕ್ಕೇ ಅವನು “ಪೈಲಾ ಲವ್ ಸ್ಟೋರಿ ಇತ್ತು, ಆಮ್ಯಾಲ ಸುಮ್ಮನ ಖೂನಿ ತುರುಕ್ಯಾರ” ಎನ್ನುತ್ತಿದ್ದ. ಸರಕಾರಿ ದವಾಖಾನೆಯ ನರ್ಸ್ ಸುರೇಖಾಗೆ ಬೇರೆ ಸಿಟ್ಟು: “ಕಥಿ ಇರ್ಲಿ ಬಿಡ್ರಿ. ಅರವತ್ತನೇ ಪುಟದಾಗ ಶೇಂಗಾ ಹೋಳಿಗಿ ಮಾಡೂದು ಹೇಳಾಕತ್ತಿದ್ರು, ಬೆಲ್ಲಾ ಎಷ್ಟು ಅನ್ನೂದ್ರಾಗ ಹಾಳಿ ಮುಗೀತು. ಅರವತ್ತೊಂದು ಯಾರ ಮನ್ಯಾಗ ಐತಿ?”

ಹೀಗೆ ನಗುತ್ತ ನಡೆದದ್ದು ನೂರಾ ಹದಿನೆಂಟನೇ ಪುಟದ ತನಕ. ಆ ಪುಟದಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ. ಸಿಕ್ಕಿಬೀಳುತ್ತಾಳೆ, ಎನ್ನಬೇಕು. ಗೌಡರ ಮನೆಯಲ್ಲಿ ರೊಟ್ಟಿ ಬಡಿಯುವ ಗಂಗವ್ವ. ಬೆಳಗಿನ ಜಾವ ಪುಂಡಿಪಲ್ಯದ ಗಡಿಗೆಗೆ ವಿಷ ಹಾಕಿದ್ದಳಂತೆ. ಸಾಕ್ಷಾತ್ ನಳನ ನಾಲಿಗೆಯುಳ್ಳ ಅಡುಗೆಭಟ್ಟನೊಬ್ಬ ಅದನ್ನು ಪತ್ತೆ ಹಚ್ಚುತ್ತಾನೆ.

ಆ ಪುಟ ಓಣಿಗೆ ಬಂದ ಮರುದಿನದಿಂದ ಚೇಷ್ಟೆ ಸುರುವಾಯಿತು. “ರೇವಕ್ಕಾ, ಪೈಲಾ ಒಂದ ತುತ್ತ ನೀ ತಿಂದ ತೋರ್ಸು” ಎಂದ ಕಾಸಿಂಸಾಬ. “ಪಲ್ಯಾ ಬ್ಯಾಡವಾ, ಬರೇ ರೊಟ್ಟಿ ಕೊಡು” ಎಂದ ಇನ್ನೊಬ್ಬ. ಆಕೆಯೂ ತಿರುಗಿಸಿ ಬೈದು ನಕ್ಕಳು. ಆದರೆ ನಾಲ್ಕನೇ ದಿನ ನಿಶ್ಚಿತಾರ್ಥಕ್ಕೆ ರೊಟ್ಟಿ ಹೇಳಲು ಬಂದ ಒಬ್ಬ ಮುದುಕಿ, ನಗದೇ, ಖರೇನೇ ಕೇಳಿದಳು: “ವಿಷಾ ಹಾಕಿದ ರೊಟ್ಟಿಯಾಕಿ ಅಂತಾರಲ್ಲ, ಅಕಿ ನೀನ ಏನವಾ?” ಆ ಹೊತ್ತು ಮೊದಲ ಸಲ ರೇವವ್ವನ ಬಡಿಯುವ ಕೈ ನಿಂತದ್ದನ್ನು ನಾನು ನೋಡಿದೆ.

“ಇದು ಬರೇ ನಮ್ಮ ಓಣ್ಯಾಗಿನ ರದ್ದಿ” ಎಂದಳು ಮುದುಕಿ ಹೋದ ಮೇಲೆ. “ನಾಳೆ ಪುಸ್ತಕಾಗಿ ಬಂದ್ರ? ಸಿಂದಗ್ಯಾಗ, ಬಾಗೇವಾಡ್ಯಾಗ, ಮುದ್ದೇಬಿಹಾಳದಾಗ, ಎಲ್ಲಾ ಕಡೀ ರೊಟ್ಟಿ ಬಡಿಯೋರದಾರ. ಎಲ್ಲಾರಿಗೂ ಇದ ಮಾತು. ಮತ್ತ ಅಕಿ ಕೊಂದೂ ಇಲ್ಲ.”

“ಕೊಂದಾಳಂತ ಬರದಾರಲ್ಲ ರೇವಕ್ಕಾ.”

“ಬರದಾರ. ಕೊಂದಿಲ್ಲ. ಪುಸ್ತಕಾ ಯಾವತ್ತ ಪ್ರೆಸ್ಸಿಗೆ ಹೋಗ್ತೈತಿ?”

“ಮಂಗಳವಾರ.”

“ಮಾಸ್ತರ್ರು?”

“ಸೋಮವಾರ ಬರ್ತಾರ, ಕಡೀ ಪ್ರೂಫಿಗೆ. ಅಲ್ಲಾ, ನೀ ಬರಬ್ಯಾಡ. ರದ್ದಿ ನಾ ಕೊಟ್ಟೇನಂತ ಗೊತ್ತಾದ್ರ ನನ್ನ ನೌಕರಿ...”

“ನಿನ್ನ ಹೆಸರ ಯಾಕ ತಗೀಲಿ?” ಎಂದಳು.

ಸೋಮವಾರ ಹನ್ನೊಂದಕ್ಕೆ ಮಾಸ್ತರರು ಬಂದು, ಕನ್ನಡಕ ಏರಿಸಿ, ಮೊದಲ ಪುಟದ ಮೇಲೆ ಬೆರಳಿಟ್ಟರು. ಹನ್ನೊಂದೂ ಐದಕ್ಕೆ ರೇವವ್ವ ಬಂದಳು. ಹಿಂದೆ ಬುಟ್ಟಿ ಹೊತ್ತ ಸೋಮನಿಂಗ. ನಾನು ಮಾನಿಟರಿನ ಹಿಂದೆ ಎಷ್ಟು ಕುಗ್ಗಬಹುದೋ ಅಷ್ಟು ಕುಗ್ಗಿದೆ.

“ನಮಸ್ಕಾರ್ರಿ ಮಾಸ್ತರ್ರ. ನಾ ರೊಟ್ಟಿ ಅಂಗಡಿ ರೇವವ್ವ. ನಿಮ್ಮ ಪುಸ್ತಕಾ ಓದೇನ್ರಿ.”

“ಪುಸ್ತಕ ಇನ್ನೂ ಪ್ರಿಂಟೇ ಆಗಿಲ್ಲಲ್ರೀ?”

“ರೊಟ್ಟಿ ಸುತ್ತೂ ಹಾಳ್ಯಾಗ ಓದೇನ್ರಿ. ಓಣಿ ಮಂದೆಲ್ಲಾ ಓದ್ಯಾರ. ಈ ಕಾಂತ್ಯಾನ ಕೊಟ್ಟಾನ.”

ಹೆಸರು ತೆಗೆಯುವುದಿಲ್ಲ ಎಂದವಳು ತೆಗೆಯಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ನೌಕರಿ ಹೋಯಿತೆಂದುಕೊಂಡೆ. ಆದರೆ ಮಾಸ್ತರರ ಮುಖದಲ್ಲಿ ಸಿಟ್ಟಿರಲಿಲ್ಲ. ಅವರು ಕುರ್ಚಿಯ ತುದಿಗೆ ಸರಿದು ಕೂತಿದ್ದರು.

“ಎಷ್ಟು ಮಂದಿ ಓದ್ಯಾರ್ರೀ?”

“ಲೆಕ್ಕಾ ಇಟ್ಟಿಲ್ರಿ. ದಿನಾ ಬಂದು ಜಗಳಾ ಮಾಡ್ತಾರ.”

“ನಮ್ಮ ಭಾಗೀರಥೀಬಾಯಿ ಸೈತ ಇನ್ನೂ ಓದಿಲ್ಲ. ‘ಪ್ರಿಂಟಾಗಿ ಬರಲಿ, ಬಘೂ ಮಗ, ಆಮ್ಯಾಲೆ ನೋಡೋಣ’ ಅಂತಾಳ” ಎಂದು ಹೆಂಡತಿಯ ಸುದ್ದಿ ಹೇಳಿ, ಜೇಬಿನಿಂದ ಪೆನ್ನು ತೆಗೆದರು. “ಏನೇನಂದ್ರು, ಹೇಳ್ರಿ.”

ಕಾಸಿಂಸಾಬನ ಲವ್ ಸ್ಟೋರಿಯನ್ನೂ ಸುರೇಖಾಳ ಬೆಲ್ಲವನ್ನೂ ಬರೆದುಕೊಂಡರು. ಬೆಲ್ಲದ ಅಳತೆಗೆ ಎರಡು ಗೆರೆ ಎಳೆದರು. ನನಗೂ ಧೈರ್ಯ ಬಂದು ಮಾನಿಟರಿನ ಹಿಂದಿನಿಂದ ಹೊರಗೆ ಬಂದೆ.

“ಮತ್ತ ನೀವು? ನಿಮಗ ಹೆಂಗನಿಸ್ತು?”

“ಗಂಗವ್ವ ಕೊಂದಿಲ್ರಿ.”

“ಅಂದ್ರ?”

“ಅಕಿ ವಿಷಾ ಹಾಕಿಲ್ಲ. ನೀವು ತಪ್ಪ ಮಂದೀನ ಹಿಡಿಸೀರಿ.”

“ಬರದಾಂವ ನಾನೇ ಇದ್ದೇನಲ್ರೀ!”

“ಬರದವ್ರು ನೀವ ಖರೆ. ಹೊಲಕ್ಕ ಅಡಿಗಿ ಹೊತ್ತವ್ರು ನಾವು. ಎಳ್ಳಮಾಸಿ ದಿನಾ ಹೊಲಕ್ಕ ಹೋಗಿ ಪೈಲಾ ಏನ ಮಾಡ್ತಾರ್ರಿ?”

“ಪೂಜಾ ಮಾಡ್ತಾರ.”

“ಆಮ್ಯಾಲ?”

“ಊಟ.”

“ನಡುವ ಚರಗ ಎಲ್ಲಿ ಹೋತ್ರಿ?”

ಸೋಮನಿಂಗ ಕೆಮ್ಮಿದ. ಮಾಸ್ತರರ ಪೆನ್ನು ಗಾಳಿಯಲ್ಲೇ ನಿಂತಿತು. ಅವರು ನಲವತ್ತು ವರ್ಷ ಊರೂರ ಶಾಲೆಯಲ್ಲಿದ್ದವರು. ಪ್ರತಿ ಎಳ್ಳ ಅಮಾವಾಸ್ಯೆಗೂ ಯಾರಾದರೊಬ್ಬ ರೈತರು ‘ಸರ್ ಊಟಕ್ಕ ಬರ್ರಿ’ ಎಂದು ಕರೆದಿದ್ದಾರೆ, ಇವರು ಹೋಗಿದ್ದಾರೆ. ಊಟಕ್ಕೆ ಎಂದರೆ ಊಟದ ಹೊತ್ತಿಗೆ. ಅಷ್ಟರಲ್ಲಿ ಚರಗ ಚೆಲ್ಲಿ ಮುಗಿದಿರುತ್ತಿತ್ತು.

“ಮಾಡಿದ ಅಡಿಗಿ ಎಲ್ಲಾ ಥೋಡೆ ಥೋಡೆ ತಗದು, ಕಲಿಸಿ, ಹೊಲದ ತುಂಬ ಚೆಲ್ತೀವ್ರಿ. ಭೂಮಿತಾಯಿ ಉಂಡ ಮ್ಯಾಲ ನಾವು ಉಣ್ಣೂದು. ಪುಂಡಿಪಲ್ಯಾ ಅದರಾಗ ಇರ್ತೈತೋ ಇಲ್ಲೋ? ಚೆಲ್ಲಿದ್ದನ್ನ ಕಾಗಿ, ಗುಬ್ಬಿ, ಬೆಳವಾ ತಿಂತಾವೋ ಇಲ್ಲೋ? ಮುಂಜಾನೇನ ಗಡಿಗ್ಯಾಗ ವಿಷಾ ಇತ್ತಂದ್ರ, ನಿಮ್ಮ ಪುಸ್ತಕದಾಗ ಒಂದ ಕಾಗೀನೂ ಯಾಕ ಸತ್ತಿಲ್ಲ? ನಾ ಎಲ್ಲಾ ಹಾಳಿ ಹುಡಿಕೇನ್ರಿ.”

ಮಾಸ್ತರರು ಸ್ವಲ್ಪ ಹೊತ್ತು ಛಾವಣಿ ನೋಡಿದರು. ಆಮೇಲೆ ಮುಖ ಅರಳಿತು.

“ಬರೋಬ್ಬರಿ ಹೇಳಿದ್ರಿ. ಕಾಂತು, ನಲವತ್ತನೇ ಪುಟ ತೆಗೀ. ‘ಹೊಲದ ಬದುವಿನಲ್ಲಿ ಎರಡು ಕಾಗೆ ಸತ್ತು ಬಿದ್ದಿದ್ದವು’ ಅಂತ ಒಂದು ಸಾಲು ಸೇರಿಸು. ಮುಗೀತು!”

ನಾನು ‘ಎರಡು ಕಾಗೆ’ ತನಕ ಟೈಪ್ ಮಾಡಿಯೂ ಬಿಟ್ಟೆ. ಓದದೆ ಟೈಪ್ ಮಾಡುವವನ ಚುರುಕು ಅದು.

“ನಿಂದ್ರೋ” ಎಂದಳು ರೇವವ್ವ. “ಮಾಸ್ತರ್ರ, ಕಾಗಿ ಸತ್ತ್ ಬಿದ್ದಿದ್ದು ಕಂಡ ಮ್ಯಾಲ ಯಾವ ಮಗಾ ಉಣ್ಣಾಕ ಕುಂಡ್ರತಾನ್ರಿ? ಹೊಲದ ತುಂಬ ಮಂದಿ ಅದಾರ. ಗೌಡ ಮೂರು ತುತ್ತಲ್ಲ, ಒಂದೂ ತಿನ್ನಂಗಿಲ್ಲ. ನಿಮ್ಮ ಗೌಡ ಬದುಕ್ತಾನ. ಪುಸ್ತಕಾನ ಇಲ್ಲ.”

ಮಾಸ್ತರರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ನಾನು ಸದ್ದಾಗದಂತೆ ಒಂದೊಂದೇ ಅಕ್ಷರ ಅಳಿಸಿ ಕಾಗೆಗಳನ್ನು ತೆಗೆದೆ. ಪಾಪ, ಎರಡು ವರ್ಷ ಕೂತು ಬರೆದ ಮನುಷ್ಯ. ನಾಳೆ ಪ್ರೆಸ್ಸು. ‘ಇರಲಿ ಬಿಡ್ರಿ, ಓದುಗರಿಗೆ ಗೊತ್ತಾಗೂದಿಲ್ಲ’ ಎಂದು ಅವರು ಅಂದಿದ್ದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಓದುಗರು ಎದುರಿಗೇ ನಿಂತಿದ್ದರು, ಕೈಗೆ ಹಿಟ್ಟು ಮೆತ್ತಿಕೊಂಡು.

“ಹಂಗಾದ್ರ ಕೊಂದವ್ರು ಯಾರ್ರೀ?” ಎಂದರು ಕಡೆಗೆ. ಬರೆದವರೇ ಓದಿದವಳನ್ನು ಕೇಳಿದರು.

“ಅದು ನನಗೇನ ಗೊತ್ರಿ? ವಿಷಾ ಬಿದ್ದಿದ್ದು ಚರಗಾ ಚೆಲ್ಲಿ ಮುಗದ ಮ್ಯಾಲ. ಹೊಲದಾಗ ಗೌಡಗ ಬಡಿಸಿದವ್ರು ಯಾರು, ನೋಡ್ರಿ.”

ಅವರು ನನ್ನ ಕಡೆ ನೋಡಿದರು. ನಾನು ನಲವತ್ತನೇ ಪುಟವನ್ನು ಜೀವನದಲ್ಲಿ ಮೊದಲ ಸಲ ಓದಿದೆ. “ಅಳಿಯ ರೀ ಸರ್. ‘ಸುಜಯನು ಮಾವನ ತಟ್ಟೆಗೆ ತಾನೇ ಕೈಯಾರೆ ಪಲ್ಯ ಬಡಿಸಿದನು’ ಅಂತೈತಿ.”

“ಅಳಿಯ!” ಎಂದರು ಮಾಸ್ತರರು. ಆ ದನಿಯಲ್ಲಿ ದಿಗಿಲಿಗಿಂತ ಸಮಾಧಾನವೇ ಹೆಚ್ಚಿತ್ತು. ಅವರಿಗೂ ಒಬ್ಬ ಅಳಿಯನಿದ್ದಾನೆ. “ಪ್ರೇಮವಿವಾಹ. ಮನಸ್ತಾಪ. ಹೊಲ. ಎಲ್ಲಾ ಅದರಾಗೇ ಅದ ನೋಡೋ ಕಾಂತು! ನನಗೇ ಕಾಣಲಿಲ್ಲ.”

ನೂರಾ ಹದಿನೆಂಟನೇ ಪುಟದಿಂದ ಮುಂದಿನದನ್ನೆಲ್ಲ ಎತ್ತಿ, ಅಡ್ಡಗೆರೆ ಹೊಡೆದು, ಚೀಲಕ್ಕೆ ಹಾಕಿಕೊಂಡರು. ಪ್ರೆಸ್ಸಿಗೆ ಫೋನ್ ಮಾಡಿ ತಿಂಗಳು ಮುಂದೆ ಹಾಕಿಸಿದರು. ಗಂಗವ್ವ ಬಿಡುಗಡೆಯಾದಳು. ರೇವವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಬುಟ್ಟಿಯಿಂದ ಬಿಸಿ ರೊಟ್ಟಿಯ ಗಂಟು ತೆಗೆದು ಟೇಬಲ್ ಮೇಲಿಟ್ಟಳು. “ಬಸ್ಸಿನ್ಯಾಗ ಉಣ್ರಿ. ಕಡ್ಲಿಹಿಟ್ಟಿನ ಜುಣಕಾನೂ ಐತಿ.”

ಮಾಸ್ತರರು ಗಂಟು ಬಿಚ್ಚಿ ಅಲ್ಲೇ ಒಂದು ತುಂಡು ಮುರಿದು ಬಾಯಿಗಿಟ್ಟರು. ಅಗಿಯುತ್ತಲೇ ಏನೋ ಯೋಚಿಸಿದರು. ಪೆನ್ನು ಮತ್ತೆ ಹೊರಗೆ ಬಂತು.

“ರೇವವ್ವ, ಒಂದು ಕೇಳ್ತೇನಿ, ತಪ್ಪು ತಿಳಕೋಬ್ಯಾಡ್ರಿ. ಬರೀಲಿಕ್ಕೆ ಬೇಕಾಗೇದ. ಇಷ್ಟು ವರ್ಷ ಅಡಿಗಿ ಮಾಡೀರಿ. ಒಮ್ಮೆರೆ, ಯಾರಿಗಾದ್ರೂ, ವಿಷಾ ಹಾಕಿಬಿಡಬೇಕು ಅಂತ ಅನಿಸಿಲ್ಲೇನು?”

ನಾನು ಕೀಬೋರ್ಡ್ ನೋಡಿದೆ. ಸೋಮನಿಂಗ ಬುಟ್ಟಿ ಕೆಳಗಿಟ್ಟ.

“ಅನಿಸೇತ್ರಿ” ಎಂದಳು ರೇವವ್ವ. “ಇಲ್ಲೇ ನಿಂತಾರಲ್ಲ, ಇವ್ರಿಗೇ. ಎರಡ ಸಲ. ಆದ್ರ ಹಾಕಿದ್ರ ಚಾದಾಗ ಹಾಕ್ತಿದ್ದೆ. ನಾ ಮಾಡಿದ ಅಡಿಗಿ ಯಾಕ ಕೆಡಸ್ಲಿ?”