ಆ ಫೋಟೋ ತೆಗೆದವನು

ನನ್ನಪ್ಪ ನಾಗಮಂಗಲದಲ್ಲಿ ಅಕ್ಕಸಾಲಿಗರಾಗಿದ್ದರು. ಸ್ವಂತ ತಂಗಿಯೇ ಓಲೆ ತಂದುಕೊಟ್ಟರೂ ಒರೆಗಲ್ಲಿಗೆ ಉಜ್ಜಿ ನೋಡದೆ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ. ಆ ಅನುಮಾನ ನಮ್ಮ ಮನೆಯವರಿಗೆಲ್ಲ ರಕ್ತದಲ್ಲೇ ಬಂದಿದೆ. ಮದುವೆಯಾಗದ, ಐವತ್ತರ ಹತ್ತಿರ ಬಂದ ನಾನು ವಿಯೆಟ್ನಾಂ ನೋಡಿಕೊಂಡು ಬರುತ್ತೇನೆ ಎಂದಾಗ ಯಾರೂ ಬೇಡ ಎನ್ನಲಿಲ್ಲ.

"ಯಾರ್ ಜೊತೆ?" ಎಂದ ಅಣ್ಣ.

"ಒಬ್ಳೇ."

"ಅದೇಯ, ಯಾರ್ ಜೊತೆ ಅಂತ ಕೇಳಿದ್ದು."

ನಾನು ಪಾಂಡವಪುರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಅಲ್ಲೇ ಬಾಡಿಗೆ ಮನೆ. ಲ್ಯಾಬಿಗೆ ಬಂದಿದ್ದ ಕ್ಯಾಲೆಂಡರಿನಲ್ಲಿ ವಿಯೆಟ್ನಾಮಿನ ಗದ್ದೆಯ ಚಿತ್ರವೊಂದಿತ್ತು. ನಮ್ಮ ನಾಲೆ ಬಯಲಿನ ಹಾಗೇ ಕಾಣುವ, ಆದರೆ ಗುರುತಿನವರೊಬ್ಬರೂ ಎದುರಾಗದ ಜಾಗ. ಅಲ್ಲಿಗೆ ಹೋಗಬೇಕೆನಿಸಿತು. ಇಂಥ ಕಾರಣವನ್ನು ಅಣ್ಣನಿಗೆ ಹೇಳುವುದಾದರೂ ಹೇಗೆ? ವಾರ ಕಳೆಯುವಷ್ಟರಲ್ಲಿ ಕೆ.ಆರ್. ಪೇಟೆಯಿಂದ ಚಿಕ್ಕಪ್ಪ ಸಕ್ಕರೆ ಪರೀಕ್ಷೆಯ ನೆಪದಲ್ಲಿ ಲ್ಯಾಬಿಗೆ ಬಂದರು. ರಕ್ತ ಕೊಟ್ಟು, ಅಲ್ಲಿದ್ದ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಅಳೆದು ನೋಡಿ, ಕಾಫಿಯನ್ನೂ ಕುಡಿಯದೆ ಹೋದರು.

ಹನೋಯ್‌ನಲ್ಲಿ ಇಳಿದ ಮೇಲೆ ನಾನೇ ಅಣ್ಣನಾದೆ. ಹೋಟೆಲಿನ ಹುಡುಗಿ ನನ್ನ ಪಾಸ್‌ಪೋರ್ಟನ್ನು ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಳು. ಇಲ್ಲಿನ ಪದ್ಧತಿಯೇ ಹೀಗೆ ಎಂದು ಸನ್ನೆ ಮಾಡಿದಳು. ನನಗೆ ನಂಬಿಕೆ ಬರಲಿಲ್ಲ. ಹೊರಗೆ ಹೋಗುವಾಗ, ಒಳಗೆ ಬರುವಾಗ, ತೋರಿಸು ಎಂದು ಕೇಳುತ್ತಿದ್ದೆ. ಕೊನೆಕೊನೆಗೆ ನಾನು ಮೆಟ್ಟಿಲು ಇಳಿಯುವ ಸದ್ದಾದರೆ ಸಾಕು, ಆಕೆ ತಲೆ ಎತ್ತದೆಯೇ ಪಾಸ್‌ಪೋರ್ಟನ್ನು ಎತ್ತಿ ಹಿಡಿಯುತ್ತಿದ್ದಳು. ರಸ್ತೆಯಲ್ಲಿ ಯಾರಾದರೂ ನಕ್ಕರೆ ಬ್ಯಾಗನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗುತ್ತಿದ್ದೆ.

ಒಂದು ಸಂಜೆ ಕೆರೆಯ ದಂಡೆಯಲ್ಲಿ ಕಬ್ಬಿನ ಹಾಲಿನ ಗಾಡಿ ಕಂಡಿತು. ಮಂಡ್ಯ ಜಿಲ್ಲೆಯವಳ ಕಾಲು ತಾನಾಗಿ ನಿಂತಿತು. ಟೋಪಿ ಹಾಕಿದ್ದ ಗಾಡಿಯವನಿಗೆ ನನ್ನಷ್ಟೇ ವಯಸ್ಸಿರಬೇಕು. ಕಬ್ಬಿನ ಜೊತೆ ಏನೋ ಪುಟ್ಟ ಹಸಿರು ಕಾಯನ್ನೂ ಗಾಣಕ್ಕೆ ಕೊಟ್ಟ. ಅದೇನೆಂದು ಕೇಳಿದೆ, ಹೇಳಿದ, ಅರ್ಥವಾಗಲಿಲ್ಲ. ಕುಡಿಯುವುದರಲ್ಲಿ ಮತ್ತಿನ ಔಷಧಿ ಬೆರೆಸಿ ದೋಚುವ ಸುದ್ದಿಗಳೆಲ್ಲ ನೆನಪಾದವು. ಲೋಟವನ್ನು ಅವನ ಕಡೆಗೇ ತಳ್ಳಿ, ಮೊದಲು ನೀನು ಕುಡಿ ಎಂದು ಸನ್ನೆ ಮಾಡಿದೆ.

ಅವನು ನನ್ನನ್ನೇ ಒಂದು ಗಳಿಗೆ ನೋಡಿ ಲೋಟ ಎತ್ತಿ ಗಟಗಟ ಕುಡಿದ. ಬಾಯಿ ಒರೆಸಿಕೊಂಡ. ಆಮೇಲೆ ಗಂಟಲು ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ದೊಪ್ಪನೆ ಒರಗಿ ನಾಲಿಗೆ ಹೊರಗೆ ಹಾಕಿದ.

ನನಗೆ ನಗು ತಡೆಯಲಾಗಲಿಲ್ಲ. ಎದ್ದು ಬಂದು ಇನ್ನೊಂದು ಲೋಟ ಕೊಟ್ಟ, ಕುಡಿದೆ. ಫೋಟೋ ತೆಗೆಯಲೇ ಎಂದು ಕೈಯಲ್ಲೇ ಕೇಳಿದ. ಫೋನು ಕೊಟ್ಟೆ, ಆದರೆ ಎತ್ತಿಕೊಂಡು ಓಡಿದರೆ ಏನು ಗತಿ ಎಂದು ಅವನ ಗಾಡಿಯ ಹಿಡಿಯನ್ನು ಭದ್ರವಾಗಿ ಹಿಡಿದು ನಿಂತೆ. ಅದನ್ನು ಕಂಡು ಅವನು ಮತ್ತೆ ಗಂಟಲು ಹಿಡಿದುಕೊಂಡ. ನಾನು ನಗುತ್ತಿದ್ದಾಗಲೇ ಫೋಟೋ ತೆಗೆದ.

ಊರಿಗೆ ಬಂದ ಮೇಲೆ ಅಣ್ಣ ಆ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿದ. ನನ್ನ ಕಾಲ ಬಳಿ ಟೋಪಿಯ ನೆರಳೊಂದು ಬಿದ್ದಿತ್ತು.

"ಇದ್ಯಾವನ್ ನೆಳ್ಳಮ್ಮಿ?"

"ಕಬ್ಬಿನಾಲು ಮಾರೋನ್ದು."

"ಕಬ್ಬಿನಾಲು ಮಾರೋನ್ ಮುಂದೆ ಯಾರಾದ್ರೂ ಇಂಗ್ ನಗ್ತಾರಾ? ನಮ್ಮನೇಲಿ ತೆಗ್ದಿರೋ ಒಂದ್ ಫೋಟೋದಲ್ಲಾದ್ರೂ ನೀನು ಇಂಗ್ ನಕ್ಕಿದ್ದೀಯಾ?"

ನಡೆದದ್ದನ್ನೆಲ್ಲ ಹೇಳಿದೆ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಣ್ಣ ನಗಲಿಲ್ಲ.

"ಭಾಸೆ ಬರ್ದೋನು ಅಷ್ಟೆಲ್ಲ ಆಟ ಕಟ್ಟುದ್ನಾ?"

"ಬುಡ್ಲಾ, ಓಗ್ ಬಂದವ್ಳೆ ಸುಖವಾಗಿ," ಎಂದಳು ಅವ್ವ. ಅವಳಾದರೂ ನಂಬಿದಳಲ್ಲ ಎಂದುಕೊಂಡೆ. ಅಣ್ಣ ಎದ್ದು ಹೋದ ಮೇಲೆ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಅವ್ನ್‌ಗೆ ಮದ್ವೆ ಆಗೈತಾ?"

ಪಾಂಡವಪುರದ ಬಸ್ಸಿನಲ್ಲಿ ಕೂತು ಫೋಟೋವನ್ನು ಮತ್ತೆ ತೆಗೆದು ನೋಡಿದೆ. ಅಣ್ಣನದು ತಪ್ಪೆನಿಸಲಿಲ್ಲ. ಒಂದು ಕೈಯಲ್ಲಿ ಗಾಡಿ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದ ಆ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ನನಗೂ ಅನುಮಾನ ಬಂತು.

ಈಗಲೂ ನಾಗಮಂಗಲದ ಮನೆಯಲ್ಲಿ ನನ್ನ ಫೋನು ಬಡಿದುಕೊಂಡರೆ ಅಡುಗೆಮನೆಯ ಮಿಕ್ಸಿ ನಿಲ್ಲುತ್ತದೆ. ಕರೆ ಲ್ಯಾಬಿನವರದ್ದೇ ಆಗಿರುತ್ತದೆ. ಆದರೂ ನಾನು ಫೋನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತೇನೆ.