ಬರೋಲೋ ಮತ್ತು ಎರಡನೆಯ ಹೆಸರು

ಬರೋಲೋ ಎಂಬುದು ಇಟಲಿಯ ಪೀಡ್‌ಮಾಂಟ್ ಸೀಮೆಯ ಕೆಂಪು ವೈನು. ಅದನ್ನು ಕುಡಿಯಲು ನನಗೆ ಕಲಿಸಿದವನು ನನ್ನ ಮ್ಯಾನೇಜರ್. ಅಮೆರಿಕದ ಸ್ಯಾನ್ ಹೊಸೆಯ ಒಂದು ಸಣ್ಣ ಡಾಟ್‌ಕಾಮ್ ಕಂಪನಿಯಲ್ಲಿ ಆಗ ನಾನು ಟೀಮ್ ಲೀಡರ್, ನನ್ನ ಕೆಳಗೆ ಐದು ಜನ. ಮ್ಯಾನೇಜರ್ ಪ್ರತಿ ಬೇಸಿಗೆ ಇಟಲಿಯ ಆ ಸೀಮೆಗೆ ಹೋಗಿ ಬರುತ್ತಿದ್ದ ಅಮೆರಿಕನ್. ಮೊದಲ ಗುಟುಕಿಗೇ ನನ್ನ ನಾಲಿಗೆ ಒಣಗಿ ಹಿಡಿದುಕೊಂಡಿತು. ನೋಡಲು ತೆಳು ಬಣ್ಣ, ಬಾಯಿಗೆ ಹೋದರೆ ಹಸಿ ಬಾಳೆಕಾಯಿ ಕಚ್ಚಿದ ಹಾಗೆ. ಇದಕ್ಕೆ ನಾವು ಒಗರು ಅನ್ನುತ್ತೇವೆ ಎಂದೆ. ಅವನು ಆ ಪದವನ್ನು ಎರಡು ಸಲ ಹೇಳಿಸಿ ಬರೆದಿಟ್ಟುಕೊಂಡ. ಅಂದಿನಿಂದ ಅವನ ಊಟದ ಮೇಜಿನಲ್ಲಿ ನನಗೊಂದು ಜಾಗ ಕಾಯಂ ಆಯಿತು.

ಒಗರನ್ನು ಮುರಿಯುವುದು ಜಿಡ್ಡು ಎಂದು ಹೇಳಿಕೊಟ್ಟವನೂ ಅವನೇ. ಅದೇ ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ ಅವನಿಗೆ. ಮೈಸೂರಿನ ಸಸ್ಯಾಹಾರಿ ಮನೆಯವನಾದ ನನಗೆ ಬೆಣ್ಣೆ, ಅಣಬೆ ಹಾಕಿದ ಮೆತ್ತನೆಯ ಅನ್ನ, ವರ್ಷಗಟ್ಟಲೆ ಇಟ್ಟು ಹಳೆಯದಾದ ಗಟ್ಟಿ ಚೀಸು. ಹಣ ಹೂಡುವವರನ್ನು ಪಾಲೋ ಆಲ್ಟೋದ ರೆಸ್ಟೋರೆಂಟುಗಳಿಗೆ ಕರೆದೊಯ್ಯುವಾಗ ವೈನು ಆರಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಆಗ ನನಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನನ್ನ ಕೆಳಗಿದ್ದ ಐವರಲ್ಲಿ ಒಬ್ಬ ಮಂಡ್ಯದವನು, ನನ್ನ ಗೆಳೆಯ. ಅವನನ್ನು ಕಂಪನಿಗೆ ಸೇರಿಸಿದವನು ನಾನೇ. ನಮ್ಮ ಎರಡು ಸಂಸಾರಗಳೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದವು. ಒಮ್ಮೆ ಮ್ಯಾನೇಜರ್ ಟೀಮಿನವರನ್ನೆಲ್ಲ ಡ್ಯಾನ್‌ವಿಲ್‌ನ ತನ್ನ ಮನೆಗೆ ಕರೆದಾಗ ಗೆಳೆಯನ ಹೆಂಡತಿ ಡಬ್ಬಿ ತುಂಬ ಮಟನ್ ಸಾರು ಮಾಡಿ ಕಳಿಸಿದ್ದರು. ಮ್ಯಾನೇಜರ್ ಸಾರು ತಿಂದು, ಮೇಲೆ ಬರೋಲೋ ಗುಟುಕರಿಸಿ ಮುಖ ಹಿಂಡಿದ. ಖಾರದ ಜೊತೆ ಈ ವೈನು ಕಹಿಯಾಗುತ್ತದೆ ಎಂದ. ಹಾಗಾದರೆ ವೈನು ಪಕ್ಕಕ್ಕಿಟ್ಟು ಸಾರು ತಿನ್ನಿ ಎಂದು ಗೆಳೆಯ ತಮಾಷೆ ಮಾಡಿದ. ಎಲ್ಲರೂ ನಕ್ಕರು. ಮ್ಯಾನೇಜರ್ ನಗಲಿಲ್ಲ.

ಆಮೇಲೆ ಸುತ್ತಲಿನ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಒಂದು ಭಾನುವಾರ ಮಧ್ಯಾಹ್ನ ಮ್ಯಾನೇಜರ್ ನನ್ನೊಬ್ಬನನ್ನೇ ಊಟಕ್ಕೆ ಕರೆದ. ಬರೋಲೋವನ್ನು ಬೆಳಿಗ್ಗೆಯೇ ಗಾಜಿನ ಹೂಜಿಗೆ ಸುರಿದು ಗಾಳಿಯಾಡಲು ಬಿಟ್ಟಿದ್ದ. ಊಟ ಮುಗಿದು ಚೀಸು ಬಂದ ಮೇಲೆ, ನಿನ್ನ ಟೀಮಿನಿಂದ ಇಬ್ಬರನ್ನು ಕೆಲಸದಿಂದ ತೆಗೆಯಬೇಕಾಗಿದೆ, ಹೆಸರು ನೀನೇ ಹೇಳು ಎಂದ.

ಮೊದಲನೆಯದು ಕಷ್ಟವಾಗಲಿಲ್ಲ. ಆ ಎಂಜಿನಿಯರ್ ಹೇಗೂ ಬೇರೆ ಕಡೆ ಹೋಗುವ ಯೋಚನೆಯಲ್ಲಿದ್ದ. ಎರಡನೆಯದಕ್ಕೆ ಉಳಿದ ನಾಲ್ವರನ್ನು ಮನಸ್ಸಿನಲ್ಲೇ ಎಣಿಸಿದೆ. ಅವರಲ್ಲಿ ಇಬ್ಬರಿಗೆ ಗ್ರೀನ್ ಕಾರ್ಡ್ ಇತ್ತು. ಕೆಲಸ ಹೋದರೂ ಅವರು ದೇಶ ಬಿಡಬೇಕಾಗಿರಲಿಲ್ಲ. ಗೆಳೆಯನದು ಎಚ್-ಒನ್ ವೀಸಾ, ಕೆಲಸ ಹೋದರೆ ದೇಶ ಬಿಡಬೇಕು. ಅವನ ಹೆಂಡತಿ ಆರು ತಿಂಗಳ ಬಸುರಿ. ಎಲ್ಲವೂ ನನಗೆ ಗೊತ್ತಿತ್ತು. ಮ್ಯಾನೇಜರ್ ನನ್ನ ಗ್ಲಾಸಿಗೆ ಇನ್ನಷ್ಟು ಸುರಿಯುತ್ತಾ, ನಿನ್ನ ಗೆಳೆಯ ನಮ್ಮ ಜೊತೆ ಹೊಂದಿಕೊಳ್ಳಲೇ ಇಲ್ಲ, ಅಲ್ಲವೇ ಎಂದ. ಅವನಿಗೆ ಬೇಕಾದ ಹೆಸರು ಯಾವುದೆಂದು ತಿಳಿಯಿತು. ಎದುರು ಹೇಳಿದರೆ ನಾನೇ ಪಟ್ಟಿಗೆ ಸೇರಬಹುದೆಂಬ ಭಯ, ನನ್ನದೂ ಎಚ್-ಒನ್ನೇ. ಹೆಸರು ಹೇಳಿದೆ. ಹೇಳಿ, ಚೀಸಿನ ತುಂಡೊಂದನ್ನು ಬಾಯಿಗಿಟ್ಟು, ಮೇಲೆ ವೈನು ಕುಡಿದೆ. ರುಚಿಯಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಗೆಳೆಯನನ್ನು ಮೀಟಿಂಗ್ ರೂಮಿಗೆ ಕರೆದು, ಕೆಲಸ ಹೋಯಿತೆಂದು ಹೇಳಿದರು. ಅವನನ್ನೂ ಮೇಜಿನ ಸಾಮಾನು ತುಂಬಿದ್ದ ಅವನ ರಟ್ಟಿನ ಪೆಟ್ಟಿಗೆಯನ್ನೂ ನನ್ನ ಕಾರಿನಲ್ಲೇ ಮನೆಗೆ ಕರೆದೊಯ್ದೆ. ಬಾಗಿಲು ತೆರೆದ ಅವನ ಹೆಂಡತಿ ಪೆಟ್ಟಿಗೆ ನೋಡಿ, ಅದನ್ನು ಅವನ ಕೈಯಿಂದ ಇಸಿದುಕೊಂಡು ನೆಲದ ಮೇಲಿಟ್ಟರು. ನನ್ನ ಕಡೆ ತಿರುಗಿದರು.

“ಅಣ್ಣ, ನೀವೊಂದ್ ಮಾತು ಹೇಳಿ ನೋಡಿ. ನಿಮ್ ಮಾತು ಕೇಳ್ತಾರೆ.”

“ಹೇಳ್ದೆ ಕಣಮ್ಮ,” ಎಂದೆ. “ಕೇಳ್ಲಿಲ್ಲ.”

ಮೂರು ವಾರಗಳಲ್ಲಿ ಸೋಫಾ, ಮಂಚ, ಆಗಲೇ ತಂದಿಟ್ಟಿದ್ದ ತೊಟ್ಟಿಲು ಎಲ್ಲ ಮಾರಿ ಅವರು ಊರಿಗೆ ಹೊರಟರು. ಏರ್‌ಪೋರ್ಟಿಗೆ ಬಿಡಲು ಹೋದವನೂ ನಾನೇ. ಅಲ್ಲಿ ಗೆಳೆಯ ಟ್ರಾಲಿ ನಿಲ್ಲಿಸಿ, “ಆ ಭಾನುವಾರ ಡ್ಯಾನ್‌ವಿಲ್‌ಗೆ ಮ್ಯಾನೇಜರ್ ಮನೆಗೆ ಹೋಗಿದ್ಯಂತೆ?” ಎಂದು ಕೇಳಿದ.

“ಊಟಕ್ಕೆ ಕರ್ದಿದ್ದ, ಅಷ್ಟೇ.”

“ಸರಿ ಬಿಡು,” ಎಂದು ಕೈ ಕುಲುಕಿದ.

ಐದು ತಿಂಗಳಿಗೆ ಕಂಪನಿಯೇ ಮುಚ್ಚಿತು. ಮ್ಯಾನೇಜರ್ ಮನೆ ಮಾರಿ ಎಲ್ಲಿಗೋ ಹೋದ. ನನಗೆ ಹೇಗೋ ಬೇರೆ ಕೆಲಸ ಸಿಕ್ಕಿತು. ಬರೋಲೋ ಕುಡಿಯುವುದನ್ನು ಬಿಟ್ಟೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮೈಸೂರಿನ ಒಂದು ಮದುವೆಯಲ್ಲಿ ಗೆಳೆಯ ಸಿಕ್ಕ. ಅಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನ ಹೆಂಡತಿ ದೂರದಿಂದಲೇ ಕೈಮುಗಿದರು, ಹತ್ತಿರ ಬರಲಿಲ್ಲ. ಅಂದು ತಾಯಿಯ ಹೊಟ್ಟೆಯಲ್ಲಿದ್ದ ಮಗಳು ಈಗ ಅವನ ಪಕ್ಕದಲ್ಲಿದ್ದಳು. ಅವಳಿಗೆ ಅವನು, “ಅಮೆರಿಕದಲ್ಲಿದ್ದಾಗ ನಮ್ಗೆ ಇವ್ರೇ ಎಲ್ಲಾ. ನಮಸ್ಕಾರ ಮಾಡು,” ಎಂದ. ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಅವನ ಮುಖ ನೋಡಿದೆ. ಅದರಲ್ಲಿ ಅಣಕವಿತ್ತೋ ಇಲ್ಲವೋ ತಿಳಿಯಲಿಲ್ಲ. ಯಾವ ಕ್ಲಾಸು ಪುಟ್ಟ ಎಂದು ಅವಳನ್ನು ಕೇಳಿದೆ.