ಸ್ಕೋಪ್ ತೊಳೆಯುವ ಅಕ್ಕ

ಮೂಗಿನ ಚಿಕಿತ್ಸೆಯ ಬಗ್ಗೆ ಮಾತಾಡುವಷ್ಟು ತಿಳಿವಳಿಕೆ ಈ ಬರಹಕ್ಕಿಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಆದರೆ ಇದು ಡಾಕ್ಟರ ಕಥೆಯಲ್ಲ, ಅವರ ಸ್ಕೋಪ್ ತೊಳೆಯುವ ಅಕ್ಕನದು.

ಬೆಳಿಗ್ಗೆ ಆರಕ್ಕೇ ಕಿವಿ-ಮೂಗು-ಗಂಟಲು ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ನಲ್ಲಿ ಸುರಿಯುತ್ತಿದೆ. ಮೂಗಿನೊಳಗೆ ಇಳಿಸಿ ನೋಡುವ, ಪೆನ್ಸಿಲಿಗಿಂತ ತೆಳ್ಳಗಿನ, ತುದಿಯಲ್ಲಿ ಗಾಜಿನ ಕಣ್ಣಿರುವ ಸ್ಕೋಪನ್ನು ಅಕ್ಕ ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಕೈಜಾರಿದರೆ ಆ ದಿನದ ಆಪರೇಷನ್ ನಿಂತಂತೆಯೇ. ಮೊದಲು ಬ್ರಷ್ಷು, ಆಮೇಲೆ ಸೋಂಕು ಕೊಲ್ಲುವ ಮದ್ದಿನಲ್ಲಿ ಇಪ್ಪತ್ತು ನಿಮಿಷ, ಕೊನೆಗೆ ಮೂರು ಸಲ ಶುದ್ಧ ನೀರು. ದಿನಕ್ಕೆ ಹನ್ನೆರಡು ಸ್ಕೋಪು, ಹದಿನೇಳು ವರ್ಷದಿಂದ. ಎಲ್ಲ ಮುಗಿದ ಮೇಲೆ ಮೂಸಿ ನೋಡುವುದು ಅವರದೇ ರೂಢಿ. ಮದ್ದು ಉಳಿದಿದ್ದರೆ ರೋಗಿಯ ಮೂಗು ಉರಿಯುತ್ತದೆ.

ಸುಮಾರು ಎರಡೂವರೆ ವರ್ಷದ ಹಿಂದೆ ಅಕ್ಕನ ಮೂಗೇ ಕಟ್ಟಿತು. ಹಣೆ ಭಾರ, ವಾಸನೆ ಪೂರ್ತಿ ಮಾಯ. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಮೂಸಿದಂತೆ ಮಾಡಿ, ನೀರಿನ ಎಣಿಕೆಯನ್ನೇ ನಂಬಿದರು. ಒಂದು ದಿನ ಯಾರೋ ಮಾತಾಡಿಸಿದಾಗ ಎಣಿಕೆ ತಪ್ಪಿತು.

ಸ್ಕೋಪ್ ಒಯ್ಯಲು ಬಂದ ನರ್ಸ್ ಮುಖ ಸಿಂಡರಿಸಿದಳು. "ಏನಕ್ಕಾ ಇದು, ಮದ್ದಿನ ವಾಸನೆ ಗಪ್ಪಂತ ಹೊಡೀತಿದೆ! ಮೂಸ್ಲಿಲ್ವಾ?"

"ಮೂಸ್ದೆ ಕಣೇ. ನಂಗೆ ಏನೂ ಗೊತ್ತಾಗಲ್ಲ. ಎರಡು ವರ್ಷ ಆಯ್ತು."

"ಹೋಗ್ಲಿ ಬಿಡಿ, ಇನ್ನೊಂದ್ಸಲ ತೊಳೆದ್ಬಿಡಿ. ನಾನು ಯಾರಿಗೂ ಹೇಳಲ್ಲ."

ಅಕ್ಕನೇ ಹೋಗಿ ಡಾಕ್ಟರ ಮುಂದೆ ಒಪ್ಪಿಕೊಂಡರು. ಡಾಕ್ಟರು ಚೆನ್ನಾಗಿ ಬೈದು, ಆಮೇಲೆ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ಊರವರ ಮೂಗೆಲ್ಲ ನೋಡಿದ್ದಾಯ್ತು, ನಿಮ್ಮದೊಂದು ಬಾಕಿ ಇತ್ತು."

ಉಪ್ಪುನೀರು, ಸ್ಪ್ರೇ ಎಂದು ಮೂರು ತಿಂಗಳು ಕಳೆದರೂ ಗುಣ ಕಾಣಲಿಲ್ಲ. ಪುಟ್ಟ ಬಲೂನು ಊದಿ ಸೈನಸ್ಸಿನ ದಾರಿ ಹಿಗ್ಗಿಸುವ ಉಪಾಯವೂ ಇದೆಯಂತೆ. ಒಳಗೆ ಮಾಂಸದ ಗಂಟುಗಳು ತುಂಬಿದ್ದರಿಂದ ಅದು ಸಾಲದಾಯಿತು. ಹೊಳ್ಳೆಯಿಂದಲೇ ಸ್ಕೋಪ್ ಇಳಿಸಿ ಗಂಟು ತೆಗೆದರು. ಮುಖದ ಮೇಲೆ ಒಂದು ಗೀರೂ ಇಲ್ಲ, ಮರುದಿನವೇ ಮನೆ.

"ನಂಗೆ ಹಾಕೋ ಸ್ಕೋಪನ್ನೂ ನಾನೇ ತೊಳ್ದೆ," ಎನ್ನುವಾಗ ಅಕ್ಕನ ಬೆನ್ನು ನೆಟ್ಟಗಾಗುತ್ತದೆ. "ಬೇರೆಯವರಿಗೆ ತೊಳೆಯೋ ಹಾಗೇ. ಒಂದ್ಸಲಾನೂ ಹೆಚ್ಚಿಗೆ ನೀರು ಹಾಕ್ಲಿಲ್ಲ."

ಆಪರೇಷನ್ ಆಗಿ ಈಗ ಆರು ವಾರ. ಉಸಿರು ಸಲೀಸು, ಕೆಲಸವೂ ಉಳಿದಿದೆ, ವಾಸನೆ ಮಾತ್ರ ಇನ್ನೂ ಮರಳಿಲ್ಲ. ಮೂಸುವ ಬದಲು ಈಗ ಪ್ರತಿ ಸಲ ನೀರು ಹಾಕಿದಾಗ ಗೋಡೆಯ ಹಾಳೆಯ ಮೇಲೆ ಗೀಟೆಳೆಯಬೇಕು, ನರ್ಸ್ ರುಜು ಹಾಕಬೇಕು. "ಆ ಹಾಳು ಮದ್ದಿನ ವಾಸನೆ ಇನ್ನೊಂದ್ಸಲ ಬಂದ್ರೆ ಸಾಕು," ಎನ್ನುತ್ತಾರೆ ಅಕ್ಕ.

ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಆ ಎರಡು ವರ್ಷಗಳಲ್ಲಿ ಯಾರ ಮೂಗಾದರೂ ಉರಿದಿತ್ತೇ ಎಂದು ಅಕ್ಕ ಕೇಳುತ್ತಲೇ ಇರುತ್ತಾರೆ. ಅದು ಯಾರಿಗೂ ಗೊತ್ತಿಲ್ಲ.